ಹಳೇ ಮಾಫಿಯಾ: ಪಿಸಿಯಲ್ಲಿ ಎಲ್ಲರೂ ಹೊಗಳಿದ ಆಟಕ್ಕೆ ಪಿಎಸ್ 2ರಲ್ಲಿ ಯಾಕೆ ಅಷ್ಟು ಕಡಿಮೆ ಅಂಕ?

ಎರಡನೇಗೇರ್:

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ತಲೆ ಕೊರೆಯುತ್ತಿರುವ ಒಂದು ವಿಷಯ ಕೇಳಬೇಕಿತ್ತು. ಹಳೇ ಮಾಫಿಯಾ ಆಟದ ಬಗ್ಗೆ. 2002ರ ಆಗಸ್ಟ್‌ನಲ್ಲಿ ಪಿಸಿಗೆ ಬಂತಲ್ಲ, ಅದು. 2020ರ ರೀಮೇಕ್ ಅಲ್ಲ.

ನಾನು ಇದನ್ನು ಮೊದಲು ಆಡಿದ್ದು ಅಣ್ಣನ ಕಂಪ್ಯೂಟರಿನಲ್ಲಿ. ಟಾಮಿ ಟ್ಯಾಕ್ಸಿ ಡ್ರೈವರ್. ರಾತ್ರಿ ಗಾಡಿ ನಿಲ್ಲಿಸಿಕೊಂಡು ನಿಂತಿರುತ್ತಾನೆ. ಪೌಲಿ, ಸ್ಯಾಮ್ ಅಂತ ಇಬ್ಬರು ಓಡಿ ಬಂದು ಪಿಸ್ತೂಲು ತೋರಿಸಿ ಹತ್ತಿಕೊಳ್ಳುತ್ತಾರೆ, ಹಿಂದೆ ಇನ್ನೊಂದು ಕಾರು ಅಟ್ಟಿಸಿಕೊಂಡು ಬರುತ್ತದೆ. ಅಷ್ಟು ಜೋರಾಗಿ ಶುರುವಾದ ಆಟ ಮುಂದಿನ ಮಿಷನ್‌ನಲ್ಲಿ ಏನು ಮಾಡಿಸುತ್ತದೆ ಗೊತ್ತಲ್ವಾ? ಸುಮ್ನೆ ಟ್ಯಾಕ್ಸಿ ಓಡಿಸಬೇಕು. ಒಬ್ಬರನ್ನು ಹತ್ತಿಸಿಕೋ, ಹೇಳಿದ ಜಾಗಕ್ಕೆ ಬಿಡು, ಇನ್ನೊಬ್ಬರನ್ನು ಹತ್ತಿಸಿಕೋ. ಜೋರಾಗಿ ಹೋದರೆ ಪೊಲೀಸರು ಹಿಡಿದು ದಂಡ ಹಾಕುತ್ತಾರೆ, ಕೆಂಪು ಸಿಗ್ನಲ್ ದಾಟಿದರೂ ಹಾಕುತ್ತಾರೆ. ಮೊದಲ ಸಲ ನನಗೆ ಇದು ವಿಚಿತ್ರ ಅನ್ನಿಸಿತ್ತು. ಮೂರನೇ ಸಲ ಆಡುವ ಹೊತ್ತಿಗೆ ನನಗೆ ಅತಿ ಇಷ್ಟವಾದ ಮಿಷನ್ ಅದೇ ಆಗಿತ್ತು.

ಈಗ ವಿಷಯಕ್ಕೆ ಬರುತ್ತೇನೆ. ಹೋದ ತಿಂಗಳು ಪಿಎಸ್ 2 (ಟಿವಿಗೆ ಜೋಡಿಸುವ ಪ್ಲೇಸ್ಟೇಷನ್ 2 ಕನ್ಸೋಲ್) ಆವೃತ್ತಿ ಸಿಕ್ಕಿತು. ಆಡುವ ಮೊದಲು ಆ ಕಾಲದ ರಿವ್ಯೂಗಳನ್ನು ಹುಡುಕಿ ಓದಿದೆ. ರಿವ್ಯೂಗಳ ಅಂಕ ಸೇರಿಸಿ ಸರಾಸರಿ ತೋರಿಸುವ ಮೆಟಾಕ್ರಿಟಿಕ್‌ ತಾಣದಲ್ಲಿ ಪಿಸಿ ಆವೃತ್ತಿಗೆ ನೂರಕ್ಕೆ 88 ಇದೆ. 2004ರಲ್ಲಿ ಬಂದ ಪಿಎಸ್ 2, ಎಕ್ಸ್‌ಬಾಕ್ಸ್ ಪೋರ್ಟ್‌ಗಳಿಗೆ (ಅಂದರೆ ಬೇರೆ ಯಂತ್ರಕ್ಕೆ ಹೊಂದಿಸಿ ತಂದ ಆವೃತ್ತಿಗಳಿಗೆ) 60ರ ಮಧ್ಯದಲ್ಲಿ ಎಲ್ಲೋ ಇದೆ. ಇಪ್ಪತ್ತಕ್ಕಿಂತ ಜಾಸ್ತಿ ಅಂಕದ ವ್ಯತ್ಯಾಸ. ಅದೇ ಕಥೆ, ಅದೇ ಮಿಷನ್‌ಗಳು, ಅದೇ ಲಾಸ್ಟ್ ಹೆವನ್ ಊರು, ಅದೇ ಧ್ವನಿಗಳು. ಗ್ರಾಫಿಕ್ಸ್ ಕಡಿಮೆಯಾಗಿದೆ, ಲೋಡಿಂಗ್ ಉದ್ದ, ಒಪ್ಪುತ್ತೇನೆ. ಆದರೆ ಅಷ್ಟಕ್ಕೆ ಇಪ್ಪತ್ತು ಅಂಕ ಬೀಳುತ್ತದಾ? ಪಿಸಿಯಲ್ಲಿ 'ಆ ಕಾಲದ ಗಾಡಿ ಓಡಿಸಿದ ಅನುಭವ' ಅಂತ ಹೊಗಳಿಸಿಕೊಂಡ ಅದೇ ನಿಧಾನದ ಕಾರುಗಳಿಗೆ ಕನ್ಸೋಲ್ ರಿವ್ಯೂಗಳಲ್ಲಿ 'ಬೋರು' ಅಂತ ಬೈಗುಳ. ಇದು ನನಗೆ ಅರ್ಥವೇ ಆಗುತ್ತಿಲ್ಲ.

ವಿಮರ್ಶಕರು ಅನ್ಯಾಯ ಮಾಡಿದರಾ, ಅಥವಾ ಹಳೇ ಪ್ರೀತಿ ನನ್ನ ಕಣ್ಣು ಕಟ್ಟಿದೆಯಾ? ಎರಡನ್ನೂ ಆಡಿದವರು ಯಾರಾದರೂ ಇದ್ದರೆ ದಯವಿಟ್ಟು ಬಿಡಿಸಿ ಹೇಳಿ.


ಹಳೇಸ್ಟೇರಿಂಗ್:

ನಾನು ಎರಡನ್ನೂ ಪೂರ್ತಿ ಆಡಿದ್ದೇನೆ. ಪಿಸಿಯಲ್ಲಿ ಎಷ್ಟು ಸಲ ಅಂತ ಲೆಕ್ಕ ಇಟ್ಟಿಲ್ಲ, ಪಿಎಸ್ 2ರಲ್ಲಿ ಒಂದು ಸಲ. ನನ್ನ ಪ್ರಕಾರ ವಿಮರ್ಶಕರಿಗೆ ನೋವು ಎಲ್ಲಿ ಆಗುತ್ತಿದೆ ಅಂತ ಸರಿಯಾಗಿ ಗೊತ್ತಾಗಿತ್ತು. ಅದಕ್ಕೆ ಕೊಟ್ಟ ಕಾರಣ ಮಾತ್ರ ತಪ್ಪು.

ನೋಡಿ, ಈ ಆಟ ನಿಧಾನ. ಬೇಕಂತಲೇ ನಿಧಾನ. 1930ರಲ್ಲಿ ಶುರುವಾಗುವ ಕಥೆ, ಆಗಿನ ಕಾರುಗಳು ಹಾಗೇ ಇದ್ದವು. ಊರೊಳಗೆ ಗಂಟೆಗೆ 40 ಮೈಲಿಯ ಮಿತಿ, ಅಂದರೆ ಸುಮಾರು 64 ಕಿಲೋಮೀಟರ್. ಪಿಸಿಯಲ್ಲಿ ಎಫ್5 ಒತ್ತಿದರೆ ಲಿಮಿಟರ್ ಬೀಳುತ್ತದೆ, ಕಾರು ಆ ಮಿತಿ ದಾಟುವುದಿಲ್ಲ. ಒಂದು ಆಟದಲ್ಲಿ 'ನಿಧಾನಕ್ಕೆ ಹೋಗು' ಅಂತಲೇ ಒಂದು ಕೀ ಇಟ್ಟಿದ್ದಾರೆ, ಯೋಚನೆ ಮಾಡಿ. ಆಟ ಮಾಡಿದ, ಜೆಕ್ ದೇಶದ ಬ್ರನೋ ಊರಿನ ಇಲ್ಯೂಷನ್ ಸಾಫ್ಟ್‌ವರ್ಕ್ಸ್‌ನವರು ಅದನ್ನು ತಿಳಿಯದೆ ಮಾಡಿದ್ದಲ್ಲ.

ಓಕ್ ಹಿಲ್ ಕಡೆಗೆ ಹತ್ತುವುದು ನೆನಪಿದೆಯಾ? ಶ್ರೀಮಂತರ ಬಂಗಲೆಗಳಿರುವ ಗುಡ್ಡ. ಮೊದಮೊದಲ ಕಾರುಗಳಲ್ಲಿ ಒಂದನ್ನು ತಗೊಂಡು ಹೋದರೆ ಅರ್ಧ ಏರಿನಲ್ಲಿ ಸದ್ದು ಬದಲಾಗುತ್ತದೆ. ಎಂಜಿನ್ ಏದುಸಿರು ಬಿಡುತ್ತದೆ. ಗೇರ್ ಇಳಿಸಬೇಕು. ವೇಗದ ಮುಳ್ಳು ಹಾಗೇ ಕೆಳಗೆ ಇಳಿಯುತ್ತಾ ಬರುತ್ತದೆ, ನಾವು ಕೀ ಅದುಮಿಕೊಂಡು ಕೂತಿರುತ್ತೇವೆ, ಕಾರು ಪಾಪ ಹತ್ತುತ್ತದೆ. ಆ ಹೊತ್ತಿನಲ್ಲಿ ನಾವು ಏನು ಮಾಡುತ್ತೇವೆ? ಆಚೆ ಈಚೆ ನೋಡುತ್ತೇವೆ. ಮನೆಗಳ ಬಾಗಿಲು, ಮರ, ಎದುರಿಗೆ ಬರುವ ಉದ್ದ ಮೂತಿಯ ಕಾರು, ಕೆಳಗೆ ಕಾಣುವ ಊರು. ಹಿನ್ನೆಲೆಯಲ್ಲಿ ಹಳೇ ಕಾಲದ ಜಾಝ್ ಕಲಾವಿದ ಜ್ಯಾಂಗೋ ರೈನ್‌ಹಾರ್ಟ್‌ನ ಗಿಟಾರ್. ನಿಧಾನವನ್ನು ತುಂಬುವುದು ಇವೆಲ್ಲಾ. ಆಟದ ನಿಧಾನ ಚೆಂದ ಕಾಣುವುದೇ ನೋಡಲು ಏನಾದರೂ ಇದೆ ಅನ್ನುವ ಕಾರಣಕ್ಕೆ.

ಪಿಎಸ್ 2ರಲ್ಲಿ ಕಿತ್ತುಕೊಂಡಿದ್ದು ಇದನ್ನೇ. ಕಾರಿನ ವೇಗ ಹಾಗೇ ಇದೆ, ದೂರ ಹಾಗೇ ಇದೆ, ಪೊಲೀಸರ ಮಿತಿ ಹಾಗೇ ಇದೆ. ಆದರೆ ಗೋಡೆಗಳ ಟೆಕ್ಸ್ಚರ್, ಅಂದರೆ ಮೇಲೆ ಅಂಟಿಸಿದ ಚಿತ್ರ, ಮಂಕಾಗಿದೆ. ದೂರದ ಕಟ್ಟಡ ತಡವಾಗಿ ಮೂಡುತ್ತದೆ. ಅಂಚುಗಳೆಲ್ಲ ಗರಗಸದ ಹಲ್ಲು. ಬೀದಿಯ ಕಳೆಯೇ ಹೋಗಿದೆ. ಈಗ ಅದೇ ಐದು ನಿಮಿಷದ ಡ್ರೈವ್‌ನಲ್ಲಿ ನೋಡುವುದಕ್ಕೆ ಏನೂ ಇಲ್ಲ. ಆಗ ಕಾಣುವುದು ನಿಧಾನ ಒಂದೇ.

ಹಾಗಾಗಿ 'ಗ್ರಾಫಿಕ್ಸ್ ಸ್ವಲ್ಪ ಕಡಿಮೆ' ಅಂತ ನೀವು ಒಂದು ಮಾತಿನಲ್ಲಿ ದಾಟಿಬಿಟ್ಟಿರಲ್ಲ, ನಾನು ಅಲ್ಲೇ ನಿಲ್ಲುತ್ತೇನೆ. ಬೇರೆ ಆಟದಲ್ಲಾದರೆ ಗ್ರಾಫಿಕ್ಸ್ ಇಳಿಸಿದರೆ ಗ್ರಾಫಿಕ್ಸ್ ಮಾತ್ರ ಇಳಿಯುತ್ತದೆ. ಇಲ್ಲಿ ಅದನ್ನು ಇಳಿಸಿದರೆ ಡ್ರೈವಿಂಗೇ ಕೆಡುತ್ತದೆ. ರಿವ್ಯೂ ಬರೆದವರು ಇವೆರಡನ್ನೂ ಬೇರೆ ಬೇರೆ ದೂರುಗಳಾಗಿ ಬರೆದರು: ಒಂದು, ನೋಡಲು ಚೆನ್ನಾಗಿಲ್ಲ, ಇನ್ನೊಂದು, ಕಾರು ನಿಧಾನ. ಇವೆರಡೂ ಒಂದೇ ದೂರು ಅಂತ ನಾನು ಓದಿದ ಯಾವ ರಿವ್ಯೂನಲ್ಲೂ ಇರಲಿಲ್ಲ.


ಮೆಮೊರಿಕಾರ್ಡ್:

ಹಳೇಸ್ಟೇರಿಂಗ್ ಹೇಳಿದ್ದಕ್ಕೆ ಯಂತ್ರದ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ, ಯಾಕೆಂದರೆ ಪೋರ್ಟ್ ಮಾಡಿದವರನ್ನು ಸೋಮಾರಿಗಳು ಅಂತ ಬೈಯುವುದು ಬಹಳ ಸುಲಭ.

ಪಿಎಸ್ 2ರಲ್ಲಿ ಇರುವ ಮುಖ್ಯ ಮೆಮೊರಿ 32 ಎಂಬಿ. ಗ್ರಾಫಿಕ್ಸ್ ಚಿಪ್‌ನೊಳಗೆ 4 ಎಂಬಿ. ಆ 4ರಲ್ಲೇ ಪರದೆಯ ಚಿತ್ರವೂ ಕೂರಬೇಕು, ಆ ಕ್ಷಣಕ್ಕೆ ಬೇಕಾದ ಟೆಕ್ಸ್ಚರ್‌ಗಳೂ ಕೂರಬೇಕು. ಪಿಸಿಯಲ್ಲಿ ಆ ಕಾಲಕ್ಕೆ ಬರೀ ಗ್ರಾಫಿಕ್ಸ್ ಕಾರ್ಡಿನಲ್ಲೇ 32, 64 ಎಂಬಿ ಇರುತ್ತಿತ್ತು, ಮೇಲಿಂದ ಹಾರ್ಡ್ ಡಿಸ್ಕ್. ಮಾಫಿಯಾ ಮಾಡಿದ್ದೇ ಅಂಥ ಪಿಸಿಯನ್ನು ಮನಸ್ಸಿನಲ್ಲಿಟ್ಟುಕೊಂಡು. ಒಂದೊಂದು ಬೀದಿಗೂ ಬೇರೆ ಬೇರೆ ಗೋಡೆ, ಬೇರೆ ಬೇರೆ ಕಿಟಕಿ.

ಪಿಎಸ್ 2ಗೆ ಅಂತಲೇ ಹುಟ್ಟಿದ ಆಟಗಳು ಬೇರೆ ದಾರಿ ಹಿಡಿದವು. ಊರಲ್ಲಿ ಕಾರು ಓಡಿಸಿ ಗ್ಯಾಂಗ್‌ಸ್ಟರ್ ಮಿಷನ್ ಮಾಡುವ ಜಿಟಿಎ 3 ನೋಡಿ, 2001ರ ಅಕ್ಟೋಬರ್. ನಾವು ಓಡುತ್ತಿದ್ದ ಹಾಗೆ ಮುಂದಿನ ಬೀದಿಯನ್ನು ಡಿವಿಡಿಯಿಂದ ಎಳೆದುಕೊಳ್ಳುತ್ತದೆ, ಹಿಂದಿನದನ್ನು ಬಿಟ್ಟುಬಿಡುತ್ತದೆ. ಊರನ್ನು ಕಟ್ಟುವಾಗಲೇ ಆ ಲೆಕ್ಕ ಹಾಕಿ ಕಟ್ಟಿದ್ದಾರೆ. ಕಾರಿನ ವೇಗ, ಬೀದಿಯ ಉದ್ದ, ಡಿಸ್ಕ್ ಓದುವ ವೇಗ, ಮೂರೂ ಒಂದಕ್ಕೊಂದು ಹೊಂದಬೇಕು. ಮೊದಲೇ ಕಟ್ಟಿ ಮುಗಿಸಿದ ಊರನ್ನು ತಂದು ಅದೇ ಪೆಟ್ಟಿಗೆಗೆ ತುರುಕಬೇಕಾದರೆ ಕತ್ತರಿಸದೆ ಬೇರೆ ದಾರಿ ಇಲ್ಲ. ಹೊಲಿದ ಅಂಗಿಯನ್ನು ಚಿಕ್ಕದು ಮಾಡುವುದಕ್ಕೂ ಅಳತೆ ತಗೊಂಡು ಹೊಲಿಯುವುದಕ್ಕೂ ಇರುವ ವ್ಯತ್ಯಾಸ ಅದು.

ಎಕ್ಸ್‌ಬಾಕ್ಸ್ ಕಥೆ ಬೇರೆ ಇರಬೇಕಿತ್ತು. ಅದರಲ್ಲಿ 64 ಎಂಬಿ ಇತ್ತು, ಒಳಗೇ ಹಾರ್ಡ್ ಡಿಸ್ಕ್ ಇತ್ತು, ಪಿಸಿಗೆ ಹತ್ತಿರದ ಯಂತ್ರ. ಆದರೂ ಅಂಕದಲ್ಲಿ ಎರಡಕ್ಕೂ ಹೆಚ್ಚು ಕಡಿಮೆ ಒಂದೇ. ಹಾಗಾಗಿ ಯಂತ್ರದ ಮೇಲೆ ಪೂರ್ತಿ ತಪ್ಪು ಹಾಕಲು ನನಗೆ ಮನಸ್ಸಿಲ್ಲ. ಬೇರೆ ಏನೋ ಇದೆ. ಗೊತ್ತಿರುವವರು ಹೇಳಿ.


ರಾತ್ರಿಆಟ:

ಆ 'ಬೇರೆ ಏನೋ' ಅಂದರೆ ತಾರೀಖು.

2002ರ ಆಗಸ್ಟ್‌ನಲ್ಲಿ ಪಿಸಿಯವರ ಹತ್ತಿರ ಏನಿತ್ತು? ಜಿಟಿಎ 3 ಆ ವರ್ಷದ ಮೇ ತಿಂಗಳಲ್ಲಷ್ಟೇ ಪಿಸಿಗೆ ಬಂದಿತ್ತು. ಅದರ ಮುಂದಿನ ಆಟ ವೈಸ್ ಸಿಟಿ ಪಿಸಿಗೆ ಬರುವುದು 2003ರ ಮೇ. ಇಡೀ ಊರು ತೆರೆದಿಟ್ಟು ಗಂಭೀರವಾದ ಒಂದು ಕಥೆ ಹೇಳುವ ಆಟ ಅವರಿಗೆ ಹೊಸದು. ಬಾಯಿ ಬಿಟ್ಟುಕೊಂಡು ನೋಡಿದರು. ನಾನೂ ಹಾಗೇ ನೋಡಿದ್ದೆ.

ಈಗ 2004ರ ಶುರುವಿಗೆ ಬನ್ನಿ. ಕನ್ಸೋಲ್ ರಿವ್ಯೂ ಬರೆಯುವವನು ಅಷ್ಟರಲ್ಲಿ ವೈಸ್ ಸಿಟಿಯನ್ನು ಮುಗಿಸಿ ಒಂದು ವರ್ಷದ ಮೇಲಾಗಿದೆ. 2002ರ ಕೊನೆಯಲ್ಲಿ ಪಿಎಸ್ 2ಗೆ ದಿ ಗೆಟ್‌ಅವೇ ಬಂದಿತ್ತು. ಲಂಡನ್ ಬೀದಿಗಳು, ಪರದೆ ಮೇಲೆ ನಕ್ಷೆ ಇಲ್ಲ, ಎಲ್ಲಿ ತಿರುಗಬೇಕು ಅಂತ ಕಾರಿನ ಇಂಡಿಕೇಟರ್ ಮಿನುಗಿ ಹೇಳುತ್ತದೆ. ಅದೂ ಗಂಭೀರ ಗ್ಯಾಂಗ್‌ಸ್ಟರ್ ಕಥೆಯೇ, ಅದೂ ಮಿಷನ್ ಆದಮೇಲೆ ಮಿಷನ್. 2003ರಲ್ಲಿ ಟ್ರೂ ಕ್ರೈಮ್ ಬಂತು, ಸಿಂಪ್ಸನ್ಸ್ ಹಿಟ್ ಅಂಡ್ ರನ್ ಬಂತು. ಊರು, ಕಾರು, ಮಿಷನ್, ಪೊಲೀಸು ಅಂದರೆ ವಿಮರ್ಶಕರಿಗೆ ಹೊಟ್ಟೆ ತುಂಬಿ ಹೋಗಿತ್ತು. ಅಂಥ ಹೊತ್ತಲ್ಲಿ ಒಂದೂವರೆ ವರ್ಷ ಹಳೆಯ ಆಟ, ಮಂಕಾದ ಬಣ್ಣದಲ್ಲಿ, ಉದ್ದುದ್ದ ಲೋಡಿಂಗ್ ಜೊತೆ ಬಂದರೆ ಯಾರು ಮಣೆ ಹಾಕುತ್ತಾರೆ ಹೇಳಿ.

ಇದರಲ್ಲಿ ನನಗೆ ಬೇಜಾರು ತರುವುದು ಒಂದೇ ವಿಷಯ. ಬಹಳ ಜನ ಇದನ್ನು ವೈಸ್ ಸಿಟಿಯ ಪಕ್ಕ ಇಟ್ಟು ಅಳೆದರು. ವೈಸ್ ಸಿಟಿಯಲ್ಲಿ ಊರು ಆಟದ ಮೈದಾನ. ಮಾಫಿಯಾದಲ್ಲಿ ಊರು ಕಥೆ ನಡೆಯುವ ಜಾಗ, ಅಷ್ಟೇ. ಇಲ್ಲಿ ಅಡ್ಡಾದಿಡ್ಡಿ ಓಡಿಸಿ ಖುಷಿ ಪಡಲು ಬೇರೆಯೇ ಫ್ರೀ ರೈಡ್ ಅಂತ ಒಂದು ಭಾಗ ಇದೆ, ಕಥೆಯೊಳಗೆ ಬಂದರೆ ಮಿಷನ್ ಹೇಳಿದ್ದು ಮಾಡಬೇಕು. 'ಮಿಷನ್ ಬಿಟ್ಟು ಮಾಡಲು ಏನೂ ಇಲ್ಲ' ಅಂತ ಅಂಕ ಕಳೆದರೆ, ಇಲ್ಲದ ಆಟಕ್ಕೆ ರಿವ್ಯೂ ಬರೆದ ಹಾಗಾಯಿತು.

ಆದರೆ ಆ ತಪ್ಪು ಹೋಲಿಕೆ ಮನಸ್ಸಿಗೆ ಬರಲು ಪೋರ್ಟೇ ದಾರಿ ಮಾಡಿಕೊಟ್ಟಿತು ಅನ್ನುವುದನ್ನೂ ಹೇಳಬೇಕು. ಪಿಸಿಯಲ್ಲಿ ಮಾಫಿಯಾ ನೋಡಿದರೆ ಜಿಟಿಎ ನೆನಪೇ ಆಗುವುದಿಲ್ಲ, ಅಷ್ಟು ಬೇರೆ ಕಾಣುತ್ತದೆ. ಪಿಎಸ್ 2ರಲ್ಲಿ ಬಣ್ಣ, ವಿವರ ಎಲ್ಲ ಇಳಿದ ಮೇಲೆ ನಿಧಾನದ ಜಿಟಿಎ ಹಾಗೆ ಕಾಣುತ್ತದೆ.


ಮೂರನೇಲ್ಯಾಪ್:

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ನೀವೆಲ್ಲ ಪಿಸಿಯಲ್ಲಿ ಮೊದಲು ಆಡಿದವರು. ನಾನು ಪಿಎಸ್ 2ರಲ್ಲಿ ಮೊದಲು ಆಡಿದವನು. ಆಗ ಮನೆಯಲ್ಲಿ ಕಂಪ್ಯೂಟರೇ ಇರಲಿಲ್ಲ. ಪಿಸಿಯಲ್ಲಿ ಎಷ್ಟು ಚೆನ್ನಾಗಿ ಕಾಣುತ್ತಿತ್ತು ಅಂತ ನನಗೆ ಗೊತ್ತೂ ಇರಲಿಲ್ಲ. ಹೋಲಿಸಲು ಏನೂ ಇರಲಿಲ್ಲ. ಆದರೂ ಹೇಳುತ್ತೇನೆ, ಆ ರಿವ್ಯೂಗಳು ಹೇಳಿದ್ದು ನನ್ನ ಅನುಭವಕ್ಕೆ ಸರಿಹೊಂದುತ್ತಿತ್ತು.

ರೇಸ್ ಮಿಷನ್ ತಗೊಳ್ಳಿ. ಈ ಆಟ ಆಡಿದ ಯಾರನ್ನು ಕೇಳಿದರೂ ಮೊದಲು ಅದನ್ನೇ ಹೇಳುತ್ತಾರೆ. ತೆಳ್ಳಗಿನ ಟೈರಿನ ರೇಸ್ ಕಾರು. ಮೊದಲನೇ ಸ್ಥಾನ ಬಂದರೆ ಮಾತ್ರ ಕಥೆ ಮುಂದೆ ಹೋಗುತ್ತದೆ, ಎರಡನೇ ಸ್ಥಾನ ಅಂದರೆ ಸೋಲು. ತಿರುವಿನಲ್ಲಿ ಬ್ರೇಕ್ ಒಂದು ಕ್ಷಣ ತಡವಾದರೆ ಹಿಂದಿನ ಚಕ್ರ ಜಾರುತ್ತದೆ, ಕಾರು ಬುಗುರಿ ತಿರುಗಿದ ಹಾಗೆ ತಿರುಗುತ್ತದೆ, ಅಷ್ಟರಲ್ಲಿ ನಾಲ್ಕು ಜನ ಪಕ್ಕದಲ್ಲಿ ಹಾದು ಹೋಗಿರುತ್ತಾರೆ. ನಾನು ಎರಡು ವಾರ ಅಲ್ಲೇ ಸಿಕ್ಕಿಕೊಂಡಿದ್ದೆ. ಎರಡು ವಾರ! ಇದು ಪಿಸಿಯಲ್ಲೂ ಕಷ್ಟವೇ ಅಂತ ಆಮೇಲೆ ಗೊತ್ತಾಯಿತು, ಪಿಸಿಯವರಿಗೆ ಪ್ಯಾಚ್ (ಆಟವನ್ನು ತಿದ್ದುವ ಅಪ್‌ಡೇಟ್) ಬಂದ ಮೇಲೆ ಕಷ್ಟದ ಮಟ್ಟ ಇಳಿಸಿಕೊಳ್ಳುವ ದಾರಿ ಸಿಕ್ಕಿತು. ಆದರೆ ಪಿಎಸ್ 2ರಲ್ಲಿ ಸೋತು ಮತ್ತೆ ಶುರು ಮಾಡುವುದು ಅಂದರೆ ಮತ್ತೆ ಲೋಡಿಂಗ್. ಸೋಲು, ಲೋಡಿಂಗ್, ಸೋಲು, ಲೋಡಿಂಗ್. ಕಷ್ಟದ ಆಟಕ್ಕೆ ನನ್ನ ತಕರಾರಿಲ್ಲ. ಕಷ್ಟದ ಆಟ ಬೇಗ ಮತ್ತೆ ಶುರುವಾಗಬೇಕು, ಅಲ್ವಾ? ಜೊತೆಗೆ ಬೇಕಾದಲ್ಲಿ ಸೇವ್ ಮಾಡುವ ಹಾಗಿಲ್ಲ, ಆಟ ತಾನಾಗಿ ಮಾಡಿದಲ್ಲಿ ಮಾತ್ರ.

ಗುಂಡು ಹಾರಿಸುವುದೂ ಅಷ್ಟೇ. ಮೌಸ್‌ನಲ್ಲಿ ಗುರಿ ಹಿಡಿಯಲು ಮಾಡಿದ ಆಟ. ಎರಡು ಗುಂಡು ತಿಂದರೆ ಟಾಮಿ ಅರ್ಧ ಸತ್ತ ಹಾಗೆ. ಅದನ್ನು ಕಂಟ್ರೋಲರ್‌ನ ಅನಲಾಗ್ ಕೋಲಿನಲ್ಲಿ (ಹೆಬ್ಬೆರಳಲ್ಲಿ ತಳ್ಳುವ ಸ್ಟಿಕ್) ಆಡುವಾಗ ಗುರಿ ಅತ್ತಿಂದಿತ್ತ ತೂಗಾಡುತ್ತಾ ಇರುತ್ತದೆ. ಮಳೆಯ ರಾತ್ರಿ ಊರಾಚೆಯ ತೋಟದ ಮನೆಗೆ ಹೋಗುವ ಮಿಷನ್‌ನಲ್ಲಿ ನಾನು ಎಷ್ಟು ಸಲ ಸತ್ತೆನೋ.

ಒಂದು ವಿಷಯಕ್ಕೆ ಮಾತ್ರ ವಿಮರ್ಶಕರು ಬೆನ್ನು ತಟ್ಟಬೇಕಿತ್ತು. ಸ್ಟೇರಿಂಗ್. ಕೀಬೋರ್ಡಿನಲ್ಲಿ ಎಡ ಅಂದರೆ ಪೂರ್ತಿ ಎಡ, ಬಲ ಅಂದರೆ ಪೂರ್ತಿ ಬಲ. ಅನಲಾಗ್ ಕೋಲಿನಲ್ಲಿ ಕಾಲು ಭಾಗ ತಿರುಗಿಸಬಹುದು, ಟ್ರಾಮ್ ಹಳಿಯ ಪಕ್ಕ ನೇರವಾಗಿ ಹಿಡಿದುಕೊಂಡು ಹೋಗಬಹುದು. ಟ್ಯಾಕ್ಸಿ ಮಿಷನ್ ಆಡಲು ಕಂಟ್ರೋಲರ್ ಎಷ್ಟೋ ಮೇಲು. ಡ್ರೈವಿಂಗ್ ಆಟದ ಪೋರ್ಟ್‌ಗೆ ರಿವ್ಯೂ ಬರೆಯುವಾಗ ಇದನ್ನು ಬಿಟ್ಟರೆ ಹೇಗೆ?

ಒಟ್ಟಿನಲ್ಲಿ ನನ್ನ ಮಾತು ಇಷ್ಟು: ರಿವ್ಯೂ ಇರುವುದು ಆ ಯಂತ್ರ ಇಟ್ಟುಕೊಂಡು ದುಡ್ಡು ಕೊಟ್ಟು ಕೊಳ್ಳುವವನಿಗೆ. ಪಿಸಿಯಲ್ಲಿ ಆಟ ಎಷ್ಟು ದೊಡ್ಡದು ಅನ್ನುವುದು ಅವನಿಗೆ ಬೇಕಾಗಿಲ್ಲ. ತನ್ನ ಕೈಗೆ ಬರುವ ಡಿಸ್ಕ್ ಹೇಗಿದೆ ಅಂತ ಅವನಿಗೆ ಗೊತ್ತಾಗಬೇಕು. 60ರ ಮಧ್ಯದ ಅಂಕ ನನಗೆ ಸರಿಯಾದ ಎಚ್ಚರಿಕೆ ಅನ್ನಿಸುತ್ತದೆ. ಅಷ್ಟಾದರೂ ನಾನು ಕೊನೆಯ ತನಕ ಆಡಿದೆ, ಕೊನೆಯ ದೃಶ್ಯ ನೋಡಿ ಸುಮಾರು ಹೊತ್ತು ಕಂಟ್ರೋಲರ್ ಹಿಡಿದುಕೊಂಡು ಹಾಗೇ ಕೂತಿದ್ದೆ. ಅದನ್ನೂ ಹೇಳಲೇಬೇಕು.


ಎರಡನೇಗೇರ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ಉತ್ತರ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ.

ಹಳೇಸ್ಟೇರಿಂಗ್ ಅವರ ಮಾತು ಓದಿ ನಿನ್ನೆ ರಾತ್ರಿ ಎರಡನ್ನೂ ಹಿಂದೆ ಮುಂದೆ ಆಡಿದೆ. ಟ್ಯಾಕ್ಸಿ ಮಿಷನ್ ಒಂದೇ. ಮೊದಲು ಪಿಎಸ್ 2, ಆಮೇಲೆ ಪಿಸಿ. ನಿಜ ಹೇಳಬೇಕೆಂದರೆ ಪಿಎಸ್ 2ರಲ್ಲಿ ಎರಡನೇ ಪ್ರಯಾಣಿಕನನ್ನು ಬಿಡುವ ಹೊತ್ತಿಗೆ ನನ್ನ ಬೆರಳು ತಾನಾಗಿ ವೇಗ ಹೆಚ್ಚಿಸುತ್ತಿತ್ತು, ಬೇಗ ಮುಗಿದರೆ ಸಾಕು ಅನ್ನುವ ಹಾಗೆ. ಪೊಲೀಸ್ ಸೀಟಿ ಊದಿದ. ಪಿಸಿಯಲ್ಲಿ ಅದೇ ದಾರಿಯಲ್ಲಿ ಲಿಮಿಟರ್ ಹಾಕಿಕೊಂಡು ಹೋದೆ, ಅವಸರವೇ ಅನ್ನಿಸಲಿಲ್ಲ. ಸೇತುವೆ ಮೇಲೆ ಬಂದಾಗ ಆಚೆ ದಡ ಪೂರ್ತಿ ಕಾಣುತ್ತಿತ್ತು. ಅದೇ ಕಾರು, ಅದೇ ದಾರಿ. ನಾನು ಇಷ್ಟು ವರ್ಷ ಕಾರು ಓಡಿಸುವುದು ಇಷ್ಟ ಅಂದುಕೊಂಡಿದ್ದೆ. ಕಾರಿನಲ್ಲಿ ಕೂತು ಊರು ನೋಡುವುದು ಇಷ್ಟ ಅಂತ ಈಗ ಗೊತ್ತಾಯಿತು.

ಮೂರನೇಲ್ಯಾಪ್ ಹೇಳಿದ ಸ್ಟೇರಿಂಗ್ ಮಾತೂ ಸತ್ಯ. ತಿರುವುಗಳಲ್ಲಿ ಪಿಎಸ್ 2 ಎಷ್ಟೋ ಹಗುರ.

ಇನ್ನೊಂದು ಪ್ರಶ್ನೆ. ಬೇರೆ ಡ್ರೈವಿಂಗ್ ಆಟಗಳ ಪೋರ್ಟ್‌ಗಳಲ್ಲೂ ಹೀಗೆ ಆಗಿದೆಯಾ? ಸಣ್ಣದು ಅಂತ ತೆಗೆದದ್ದು ನಿಜಕ್ಕೂ ಆಟದ ಜೀವವೇ ಆಗಿದ್ದ ಉದಾಹರಣೆ?


ಹಾರ್ನ್‌ಹೊಡಿ:

ಈ ಪ್ರಶ್ನೆಗೆ ನಾನು ಬರಲೇಬೇಕು. ಕ್ರೇಜಿ ಟ್ಯಾಕ್ಸಿ!

1999ರ ಆರ್ಕೇಡ್ ಆಟ, ಅಂದರೆ ಅಂಗಡಿಯಲ್ಲಿ ನಾಣ್ಯ ಹಾಕಿ ಆಡುವಂಥದ್ದು. 2000ದಲ್ಲಿ ಸೆಗಾದ ಡ್ರೀಮ್‌ಕಾಸ್ಟ್ ಕನ್ಸೋಲ್‌ಗೆ ಬಂತು. ಆರ್ಕೇಡ್‌ನಲ್ಲಿದ್ದ ನವೋಮಿ ಬೋರ್ಡೂ ಡ್ರೀಮ್‌ಕಾಸ್ಟೂ ಹೆಚ್ಚು ಕಡಿಮೆ ಒಂದೇ ಮನೆಯ ಮಕ್ಕಳು, ಹಾಗಾಗಿ ಆಟ ಅಷ್ಟೂ ಜೀವದೊಂದಿಗೆ ಬಂತು. ಮೇಲಿಂದ ಹೊಸ ಊರೊಂದನ್ನು ಸೇರಿಸಿದರು. ಕ್ರೇಜಿ ಬಾಕ್ಸ್ ಅಂತ ಚಿಕ್ಕ ಚಿಕ್ಕ ಸವಾಲುಗಳನ್ನೂ ಇಟ್ಟರು. ಕಾರನ್ನು ದೂರಕ್ಕೆ ಹಾರಿಸು, ಬಲೂನು ಒಡಿ, ಇಂಥವು. ಆರ್ಕೇಡ್ ಆಟ ಹತ್ತು ನಿಮಿಷಕ್ಕೆ ಮುಗಿಯುತ್ತದೆ, ಮನೆಯಲ್ಲಿ ಕೂತು ಆಡುವವನಿಗೆ ಇನ್ನೂ ಬೇಕು ಅಂತ ಯೋಚಿಸಿ ಮಾಡಿದ ಪೋರ್ಟ್ ಅದು. ವಿಮರ್ಶಕರು ಮನಸಾರೆ ಹೊಗಳಿದರು.

ಆಮೇಲೆ 2001ರಲ್ಲಿ ಬೇರೆ ಕಂಪನಿ ಕೈಯಲ್ಲಿ ಪಿಎಸ್ 2ಗೂ ಗೇಮ್‌ಕ್ಯೂಬ್‌ಗೂ ಬಂತು. ಗೇಮ್‌ಕ್ಯೂಬ್ ಯಂತ್ರದಲ್ಲಿ ಶಕ್ತಿ ಜಾಸ್ತಿ, ಆದರೂ ರಿವ್ಯೂಗಳು ತಣ್ಣಗಿದ್ದವು. ಕಟ್ಟಡಗಳು ಕಣ್ಣ ಮುಂದೆ ತಟ್ಟನೆ ಮೂಡುತ್ತವೆ ಅನ್ನುವ ದೂರು ಬಂತು. ವೇಗದ ಆಟದಲ್ಲಿ ಇದು ಸಣ್ಣ ದೋಷ ಅಲ್ಲ. ಮುಂದಿನ ತಿರುವು ಕಂಡರೆ ತಾನೇ ಈಗಲೇ ಸ್ಟೇರಿಂಗ್ ತಿರುಗಿಸುವುದು?

ಆದರೆ ನೀವು ಕೇಳಿದ 'ಸಣ್ಣದು ಅಂತ ತೆಗೆದದ್ದು' ಅಂದರೆ 2010ರ ಡೌನ್‌ಲೋಡ್ ಆವೃತ್ತಿ. ಎಕ್ಸ್‌ಬಾಕ್ಸ್ 360, ಪಿಎಸ್ 3ಗೆ ಬಂದದ್ದು. ರಸ್ತೆ ಅದೇ, ಕಾರು ಅದೇ, ಚಿತ್ರ ಇನ್ನೂ ಚೊಕ್ಕ. ಹೋಗಿದ್ದು ಆಫ್‌ಸ್ಪ್ರಿಂಗ್, ಬ್ಯಾಡ್ ರಿಲಿಜನ್ ಬ್ಯಾಂಡ್‌ಗಳ ಹಾಡು, ಜೊತೆಗೆ ಪಿಜ್ಜಾ ಹಟ್, ಕೆಎಫ್‌ಸಿ ತರಹದ ನಿಜವಾದ ಅಂಗಡಿ ಹೆಸರುಗಳು. ಲೈಸೆನ್ಸ್ ಕಾರಣ. ಪ್ರಯಾಣಿಕ ಹತ್ತಿ ಕೂಗುವ ಹೆಸರು ಬದಲಾಯಿತು, ಕಿವಿಗೆ ಬೀಳುವ ಗಿಟಾರ್ ಬದಲಾಯಿತು. ಕಾಗದದ ಮೇಲೆ ನೋಡಿದರೆ ಆಟಕ್ಕೆ ಏನೂ ಆಗಿಲ್ಲ. ಆಡಿ ನೋಡಿ, ಕಾಲು ಕುಣಿಯುವುದಿಲ್ಲ. ವಿಮರ್ಶಕರೂ ಅದನ್ನೇ ಎತ್ತಿ ತೋರಿಸಿದರು, ಸರಿಯಾಗಿಯೇ ತೋರಿಸಿದರು. 2012ರಲ್ಲಿ ಐಫೋನ್‌ಗೆ ಬಂದಾಗ ಆ ಹಾಡುಗಳು ವಾಪಸ್ ಬಂದವು, ಜನಕ್ಕೆ ಎಷ್ಟು ಖುಷಿ ಆಯಿತು!

ಮಾಫಿಯಾಗೂ ಇದೇ ಗತಿ ಆಗಿದೆ ನೋಡಿ. 2017ರಲ್ಲಿ ಪಿಸಿ ಆಟ ಮಾರುವ ಜಿಒಜಿ ತಾಣದಲ್ಲಿ ಮತ್ತೆ ಮಾರಾಟಕ್ಕೆ ಬಂದಾಗ ಲೈಸೆನ್ಸ್ ಇದ್ದ ಹಳೇ ಹಾಡುಗಳು ಅದರಲ್ಲಿ ಇರಲಿಲ್ಲ. ಜ್ಯಾಂಗೋ ಇಲ್ಲ, ಮಿಲ್ಸ್ ಬ್ರದರ್ಸ್ ಇಲ್ಲ. ಮೇಲೆ ಹಳೇಸ್ಟೇರಿಂಗ್ ಅವರು ಹೇಳಿದ ಓಕ್ ಹಿಲ್ ಏರನ್ನು ಆ ಸಂಗೀತ ಇಲ್ಲದೆ ಹತ್ತಿ ನೋಡಿ.

ಇನ್ನೊಂದು ಉದಾಹರಣೆ 2021ರ ನವೆಂಬರ್‌ನ ಜಿಟಿಎ ಟ್ರೈಲಜಿ, ಅಂದರೆ ಜಿಟಿಎ 3, ವೈಸ್ ಸಿಟಿ, ಸ್ಯಾನ್ ಆಂಡ್ರಿಯಾಸ್ ಮೂರನ್ನೂ ಹೊಸದಾಗಿ ತಿದ್ದಿ ತಂದದ್ದು. ಹಳೇ ಸ್ಯಾನ್ ಆಂಡ್ರಿಯಾಸ್‌ನಲ್ಲಿ ದೂರದಲ್ಲಿ ಮಂಜು ಕವಿದಿರುತ್ತಿತ್ತು. ಅದು ಪಿಎಸ್ 2ರ ಮೆಮೊರಿ ಸಾಲದೆ ಹಾಕಿದ ಪರದೆ. ಹೊಸ ಯಂತ್ರದಲ್ಲಿ ಮೆಮೊರಿಗೆ ಬರ ಇಲ್ಲ, ಮಂಜು ತೆಗೆದರು. ಎತ್ತರಕ್ಕೆ ಹೋಗಿ ನೋಡಿದರೆ ಮೂರು ಊರೂ ಒಂದೇ ನೋಟಕ್ಕೆ, ಅಂಗೈಯಲ್ಲಿ ಇಟ್ಟ ಹಾಗೆ. ಒಂದು ರಾಜ್ಯದಷ್ಟು ದೊಡ್ಡದು ಅಂತ ನಾವು ನಂಬಿದ್ದ ಜಾಗ ಅದು! ಜಿಟಿಎ ಕಂಪನಿ ರಾಕ್‌ಸ್ಟಾರ್‌ನವರು ಬಿಡುಗಡೆಯಾದ ಕೆಲವೇ ದಿನದಲ್ಲಿ ಕ್ಷಮೆ ಕೇಳಿದರು, ಹಳೇ ಪಿಸಿ ಆವೃತ್ತಿಗಳನ್ನು ಮತ್ತೆ ಕೊಡುತ್ತೇವೆ ಅಂದರು. 2024ರ ನವೆಂಬರ್‌ನ ಅಪ್‌ಡೇಟ್‌ನಲ್ಲಿ ಹಳೇ ಬೆಳಕು, ಮಂಜು ಹಿಂದಕ್ಕೆ ಬಂತು. ಇಲ್ಲಿ ಮಾಫಿಯಾಗೆ ಆಗಿದ್ದರ ತದ್ವಿರುದ್ಧ ಆಗಿದೆ. ಅಲ್ಲಿ ಕಾಣಬೇಕಾದ್ದು ಕಾಣಲಿಲ್ಲ, ಇಲ್ಲಿ ಕಾಣಬಾರದ್ದು ಕಂಡಿತು.


ಮೆಮೊರಿಕಾರ್ಡ್:

ಮಂಜಿನ ಉದಾಹರಣೆ ಬಹಳ ಚೆನ್ನಾಗಿದೆ. ನಾನು ಯಂತ್ರದ ಮಿತಿ ಅಂದರೆ ಬರೀ ಕೊರತೆ ಅಂತ ಲೆಕ್ಕ ಹಾಕುತ್ತಿದ್ದೆ. ಆ ಮಿತಿಯೊಳಗೇ ಕಟ್ಟಿದ ಊರಿಗೆ ಅದೇ ಗೋಡೆ ಆಗಿರುತ್ತದೆ ಅಂತ ಈಗ ಅನ್ನಿಸುತ್ತಿದೆ.

ಡ್ರೈವರ್ ಸ್ಯಾನ್ ಫ್ರಾನ್ಸಿಸ್ಕೋನೂ ನೆನಪಾಯಿತು. 2011. ಒಂದು ಕಾರಿನಿಂದ ಇನ್ನೊಂದು ಕಾರಿನವನ ಮೈಯೊಳಗೆ ಹಾರುವ 'ಶಿಫ್ಟ್' ಅದರ ಜೀವಾಳ. ವೀ ಕನ್ಸೋಲ್‌ಗೆ ಬಂದ ಆಟದಲ್ಲಿ ಶಿಫ್ಟೇ ಇಲ್ಲ, ಕಥೆಯೂ ಬೇರೆ. ಹೆಸರು ಮಾತ್ರ ಅದೇ. ಅಲ್ಲಿ ಕತ್ತರಿಸಲು ಹೋಗದೆ ಬೇರೆ ಆಟವನ್ನೇ ಮಾಡಿದರು. ಆಡಿದವರಿಗೆ ಮೋಸ ಹೋದ ಹಾಗೆ ಅನ್ನಿಸಿದ್ದು ಸಹಜ, ಆದರೆ ಊರನ್ನು ಅರ್ಧಂಬರ್ಧ ತಂದು ಇಡುವುದಕ್ಕಿಂತ ಅದು ಪ್ರಾಮಾಣಿಕ ದಾರಿ ಅಂತ ನನಗೆ ಅನ್ನಿಸುತ್ತದೆ. ಪೆಟ್ಟಿಗೆಯ ಮೇಲೆ ಹೆಸರು ಬೇರೆ ಇಟ್ಟಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು.


ಹಳೇಸ್ಟೇರಿಂಗ್:

ಎರಡನೇಗೇರ್, ನೀವು ಎರಡನ್ನೂ ಆಡಿ ನೋಡಿ ಬರೆದದ್ದು ಓದಿ ಬಹಳ ಖುಷಿಯಾಯಿತು. ಬೆರಳು ತಾನಾಗಿ ವೇಗ ಹೆಚ್ಚಿಸಿತು ಅಂದಿರಲ್ಲ, 2004ರ ವಿಮರ್ಶಕರಿಗೂ ಆಗಿದ್ದು ಅದೇ ಇರಬೇಕು.

ಮೂರನೇಲ್ಯಾಪ್ ಅವರೇ, ನಿಮ್ಮ ಮಾತಿಗೆ ತಲೆಬಾಗುತ್ತೇನೆ. ಕೊಳ್ಳುವವನಿಗೆ ಆ ಅಂಕ ಸರಿಯಾದ ಎಚ್ಚರಿಕೆ, ಒಪ್ಪಿದೆ. ಲೋಡಿಂಗ್ ಬಗ್ಗೆ ನಾನು ಒಂದು ಮಾತೂ ಬರೆದಿರಲಿಲ್ಲ. ರೇಸ್ ಮಿಷನ್ ಅನ್ನು ಎರಡು ವಾರ ಆ ಲೋಡಿಂಗ್ ಜೊತೆ ಆಡಿದವರ ಮುಂದೆ ನನ್ನ ವಾದ ನಿಲ್ಲುವುದಿಲ್ಲ. ನನ್ನ ತಕರಾರು ಉಳಿದಿರುವುದು 'ಕಾರು ನಿಧಾನ' ಅನ್ನುವ ಒಂದೇ ಸಾಲಿನ ಮೇಲೆ.

2020ರ ರೀಮೇಕ್‌ನಲ್ಲಿ ಒಂದು ಆಯ್ಕೆ ಇದೆ, ಗಮನಿಸಿದ್ದೀರಾ? ಮಿಷನ್ ನಡುವಿನ ಡ್ರೈವ್ ಬೇಡ ಅಂದರೆ ದಾಟಿಸಿಬಿಡಬಹುದು. ಪಕ್ಕದಲ್ಲೇ ಸಿಮ್ಯುಲೇಷನ್ ಅನ್ನುವ ಆಯ್ಕೆಯೂ ಇದೆ, ಕಾರು ಹಳೇ ಆಟದ ಹಾಗೆ ಭಾರವಾಗುತ್ತದೆ, ಪೊಲೀಸರೂ ಬಿಗಿಯಾಗುತ್ತಾರೆ. ನಾನು ಸಿಮ್ಯುಲೇಷನ್ ಹಾಕಿಕೊಂಡು ಒಂದು ಡ್ರೈವನ್ನೂ ದಾಟಿಸದೆ ಆಡಿದೆ.

ನೀವು ಪಿಎಸ್ 2 ಆವೃತ್ತಿ ಮುಂದುವರಿಸುವುದಾದರೆ ರೇಸ್ ಮಿಷನ್‌ಗೆ ಒಂದು ಮಾತು. ತಿರುವಿಗೆ ಬಹಳ ಮೊದಲೇ ಬ್ರೇಕ್ ಹಿಡಿಯಿರಿ, ತಿರುವಿನೊಳಗೆ ಬ್ರೇಕ್ ಮುಟ್ಟಲೇಬೇಡಿ, ಕೋಲನ್ನು ಅರ್ಧಕ್ಕಿಂತ ಜಾಸ್ತಿ ತಳ್ಳಬೇಡಿ. ಮೊದಲ ಲ್ಯಾಪಿನಲ್ಲಿ ಹಿಂದೆ ಬಿದ್ದರೂ ಪರವಾಗಿಲ್ಲ, ಮುಂದೆ ಹೋದವರು ತಿರುವುಗಳಲ್ಲಿ ಒಬ್ಬರಿಗೊಬ್ಬರು ತಗುಲಿಕೊಳ್ಳುತ್ತಾರೆ. ದಾರಿ ಖಾಲಿಯಾದಾಗ ನುಗ್ಗಿ. ಗೆದ್ದ ದಿನ ಇಲ್ಲೇ ಬಂದು ಬರೆಯಿರಿ, ಕಾಯುತ್ತಿರುತ್ತೇನೆ.